ಒಂದು ಮನೆ, ಮೂರು ನಯಗಳು: ನೋವಾ ಗ್ರೀನ್‌ಫೆಲ್ಡ್ ಕುರಿತ ಕೃತಿಗಳ ಪರಿಶೀಲನೆ

ಅನೇಕಾಂತವಾದವನ್ನು ದರ್ಶನಗಳ ನಡುವಣ ವಾದವಿವಾದಗಳ ಸಂದರ್ಭದಲ್ಲಿ ನೆನೆಯುವುದು ರೂಢಿ. ಕ್ಷಣಿಕವಾದ ಮತ್ತು ನಿತ್ಯವಾದಗಳೆರಡನ್ನೂ ಎದುರಿಸಿ ವಸ್ತುವಿನ ಅನಂತಧರ್ಮಾತ್ಮಕ ಸ್ವರೂಪವನ್ನು ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರು ಪ್ರತಿಪಾದಿಸಿದ ಬಗೆಯನ್ನು ವಿದ್ವಾಂಸರು ಸವಿಸ್ತಾರವಾಗಿ ವಿವರಿಸುತ್ತ ಬಂದಿದ್ದಾರೆ. ಆದರೆ ಈ ತತ್ತ್ವ ದಿನದಿನವೂ ಒರೆಗೆ ಹತ್ತುವ ಸ್ಥಳ ಪಂಡಿತಸಭೆಯಲ್ಲ, ಗೃಹಸ್ಥನ ಮನೆ. ಒಂದೇ ಸೂರಿನಡಿ ಬದುಕುವ ತಂದೆ, ತಾಯಿ, ಅಣ್ಣ ಒಂದೇ ಮಗುವನ್ನು ಮೂರು ಬಗೆಯಾಗಿ ಕಾಣುತ್ತಾರೆ. ಮೂವರ ಕಾಣ್ಕೆಯೂ ಸತ್ಯವೇ, ಆದರೆ ಯಾವುದೂ ಸಮಗ್ರವಲ್ಲ. ಆ ಮಗು ತನ್ನ ಕಾಣ್ಕೆಯನ್ನು ಮಾತಿನಲ್ಲಿ ಹೇಳಲಾರದೆ ಹೋದಾಗ ಪ್ರಶ್ನೆ ಇನ್ನಷ್ಟು ಗಹನವಾಗುತ್ತದೆ. ಅಮೆರಿಕದ ಗ್ರೀನ್‌ಫೆಲ್ಡ್ ಕುಟುಂಬದ ಮೂವರು ಸದಸ್ಯರು, ಆಟಿಸಂ ಇರುವ ಮಗನೊಂದಿಗಿನ ಬಾಳನ್ನು ಕುರಿತು 1972ರಿಂದ 2009ರ ನಡುವೆ ಪ್ರಕಟಿಸಿದ ಕೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ತಂದೆ ಜಾಶ್ ಗ್ರೀನ್‌ಫೆಲ್ಡ್ ಯಹೂದಿ ಮನೆತನದಲ್ಲಿ ಹುಟ್ಟಿದ ಲೇಖಕ. 1974ರ ‘ಹ್ಯಾರಿ ಅಂಡ್ ಟಾಂಟೊ’ ಚಲನಚಿತ್ರದ ಚಿತ್ರಕಥೆಯನ್ನು ಪಾಲ್ ಮಝುರ್‌ಸ್ಕಿಯೊಡನೆ ಬರೆದವನು. ತಾಯಿ ಫೂಮಿಕೊ ಕೊಮೆತಾನಿ ಜಪಾನಿನ ಒಸಾಕಾ ಮೂಲದ ಚಿತ್ರಕಲಾವಿದೆ, ಅನಂತರ ಕತೆಗಾರ್ತಿ. ಹಿರಿಯ ಮಗ ಕಾರ್ಲ್ ಹುಟ್ಟಿದ್ದು 1964ರಲ್ಲಿ, ಕಿರಿಯ ಮಗ ನೋವಾ 1966ರಲ್ಲಿ. ನೋವಾ ಮೊದಮೊದಲು ಒಂದಷ್ಟು ಮಾತುಗಳನ್ನಾಡಿ, ಬರಬರುತ್ತ ಅವುಗಳನ್ನು ಕಳೆದುಕೊಂಡ. ತಂದೆ ದಿನಚರಿ ಬರೆಯತೊಡಗಿದ. ಅದರಿಂದ ‘ಎ ಚೈಲ್ಡ್ ಕಾಲ್ಡ್ ನೋವಾ’ (1972), ‘ಎ ಪ್ಲೇಸ್ ಫಾರ್ ನೋವಾ’ (1978), ‘ಎ ಕ್ಲೈಂಟ್ ಕಾಲ್ಡ್ ನೋವಾ’ (1986) ಎಂಬ ಮೂರು ಸಂಪುಟಗಳು ಹೊರಬಂದವು. ಈ ಬಾಳಿನ ಛಾಯೆಯುಳ್ಳ ತಾಯಿಯ ಜಪಾನೀ ಕಥೆ ‘ಸುಗಿಕೋಶಿ ನೊ ಮತ್ಸುರಿ’ 1985ರ ಉತ್ತರಾರ್ಧದ ಅಕುತಗಾವಾ ಪ್ರಶಸ್ತಿಗೆ ಪಾತ್ರವಾಯಿತು. ಅಣ್ಣ ಕಾರ್ಲ್ ಟಾರೊ ಗ್ರೀನ್‌ಫೆಲ್ಡ್ 2009ರಲ್ಲಿ ‘ಬಾಯ್ ಅಲೋನ್’ ಎಂಬ ಸ್ಮೃತಿಗ್ರಂಥವನ್ನು ಪ್ರಕಟಿಸಿದ. ತಂದೆ 2018ರಲ್ಲಿ ತೀರಿಕೊಂಡ.

ಕೃತಿಗಳಿಗೆ ಬರುವ ಮುನ್ನ ಒಂದು ಪದವನ್ನು ಕುರಿತು ಎಚ್ಚರ ಅಗತ್ಯ. ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ಬಳಕೆಯಲ್ಲಿದೆ. ಜೈನ ಅಧ್ಯಾತ್ಮ ಗ್ರಂಥಗಳನ್ನು ಓದಿದವರಿಗೆ ಈ ಪದ ಕೂಡಲೇ ಆತ್ಮಲೀನನಾದ ಯೋಗಿಯನ್ನು ನೆನಪಿಗೆ ತರುತ್ತದೆ. ಹೀಗಾಗಿ ಇಂಥ ಮಗುವನ್ನು ಪೂರ್ವಜನ್ಮದ ತಪಸ್ವಿಯೆಂದು ಕೊಂಡಾಡುವ ಮಾತೂ ಕಿವಿಗೆ ಬೀಳುವುದುಂಟು. ಅದು ಮಗುವಿಗೆ ಉಪಕಾರವಲ್ಲ. ಯೋಗಿ ಇಂದ್ರಿಯಗಳನ್ನು ಸ್ವಪ್ರಯತ್ನದಿಂದ ನಿಗ್ರಹಿಸುತ್ತಾನೆ. ಈ ಮಗುವಿಗಾದರೋ ಹಲವು ವೇಳೆ ಇಂದ್ರಿಯಗಳ ಹಾವಳಿಯೇ ಅಸಹನೀಯ. ಮಿಕ್ಸರಿನ ಸದ್ದು, ಅಂಗಿಯ ಕೊರಳಪಟ್ಟಿಯ ಒರಸಾಟ, ನೆಂಟರಿಷ್ಟರ ಗದ್ದಲ ಅವನಿಗೆ ಪೀಡೆಯಾಗಬಲ್ಲವು. ಕೊಂಡಾಟವಾಗಲಿ ತಿರಸ್ಕಾರವಾಗಲಿ, ಎರಡೂ ಎದುರಿಗಿರುವ ಮಗುವನ್ನು ನೋಡದೆ ಆಡುವ ಮಾತುಗಳೇ.

ನೋವಾ ಹುಟ್ಟಿದ ಕಾಲದಲ್ಲಿ ತಿರಸ್ಕಾರದ ಪಾಲು ತಾಯಿಯ ಮೇಲೆ ಬೀಳುತ್ತಿತ್ತು. 1943ರಲ್ಲಿ ಲಿಯೊ ಕ್ಯಾನರ್ ಈ ಸ್ಥಿತಿಯನ್ನು ವರ್ಣಿಸಿದ ಮೇಲೆ, ತಾಯಂದಿರ ವಾತ್ಸಲ್ಯಹೀನತೆಯೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಬೇರೂರಿತು. ಬ್ರೂನೊ ಬೆಟಲ್‌ಹೈಮ್ 1967ರ ತನ್ನ ಗ್ರಂಥದಲ್ಲಿ ಅದಕ್ಕೆ ಬಹುಪ್ರಚಾರ ನೀಡಿದ. ಸ್ವತಃ ಇಂಥ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಈ ವಾದವನ್ನು ಖಂಡಿಸಿ, ಕಾರಣ ಶಾರೀರಿಕವಾದುದೆಂದು ತೋರಿಸಲು ಯತ್ನಿಸಿದ್ದ. ತಾಯಿಯನ್ನು ಹೊಣೆಮಾಡುವ ವಾದ ಇಂದು ವಿಜ್ಞಾನದಲ್ಲಿ ಸಂಪೂರ್ಣ ತಿರಸ್ಕೃತವಾಗಿದೆ. ಆದರೆ ಅದರ ಛಾಯೆ ಬೇರೊಂದು ವೇಷದಲ್ಲಿ ಭಾರತೀಯ ಮನೆಗಳಲ್ಲಿ ಉಳಿದಿದೆ. ‘ಯಾವ ಕರ್ಮವೋ’ ಎಂಬ ನಿಟ್ಟುಸಿರಿನಲ್ಲಿ ಬಂಧುಗಳು ಹೊರಡಿಸುವ ತೀರ್ಪು ಅದೇ ಜಾತಿಯದು.

ಕರ್ಮಸಿದ್ಧಾಂತದ ಈ ದುರುಪಯೋಗವನ್ನು ಜೈನ ಶಾಸ್ತ್ರ ಸಮರ್ಥಿಸುವುದಿಲ್ಲ. ಇನ್ನೊಬ್ಬ ಜೀವನ ಪೂರ್ವಕರ್ಮವನ್ನು ಪ್ರತ್ಯಕ್ಷವಾಗಿ ಕಾಣುವ ಶಕ್ತಿ ವಿಶಿಷ್ಟಜ್ಞಾನಿಗಳದೇ ಹೊರತು ನೆರೆಮನೆಯವರದಲ್ಲ. ಕರ್ಮದ ಉದಯವಾದರೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅಪೇಕ್ಷಿಸುತ್ತದೆಂದು ಶಾಸ್ತ್ರಕಾರರು ಹೇಳುವುದರಿಂದ, ಒಳ್ಳೆಯ ಶಿಕ್ಷಕಿ, ಶಾಂತವಾದ ಕೋಣೆ, ತಾಳ್ಮೆಯ ಅಜ್ಜಿ ಇವರೆಲ್ಲ ನಿರರ್ಥಕರಲ್ಲ. ಅದಕ್ಕೂ ಮಿಗಿಲಾಗಿ, ಪರರಿಗೆ ದುಃಖವನ್ನೂ ಶೋಕವನ್ನೂ ತಂದು ಅವರನ್ನು ಅಳಿಸುವವನಿಗೆ ಅಸಾತಾವೇದನೀಯ ಕರ್ಮ ಆಸ್ರವಿಸುತ್ತದೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ತಾಯಿಯ ಕರ್ಮವನ್ನು ಅಳೆಯಹೊರಟವನು ಆ ಕ್ಷಣದಲ್ಲಿ ಕಟ್ಟಿಕೊಳ್ಳುವುದು ತನ್ನ ಕರ್ಮವನ್ನೇ.

ಗ್ರೀನ್‌ಫೆಲ್ಡನ ದಿನಚರಿಯ ಮೊದಲ ಗುಣವೆಂದರೆ ಅದು ಇಂಥ ತೀರ್ಪುಗಳಿಗೆ ಎಡೆಗೊಡದೆ ದಿನದ ವಿವರಗಳಿಗೆ ಅಂಟಿಕೊಂಡಿರುವುದು. ನಿದ್ದೆಯಿಲ್ಲದ ರಾತ್ರಿ, ಶೌಚದ ಅಭ್ಯಾಸ ಮಾಡಿಸುವ ಪಾಡು, ತೂಗಾಡುತ್ತ ಕುಳಿತ ಮಗ, ಸೇರಿಸಿಕೊಳ್ಳುವ ಶಾಲೆಗಾಗಿ ಅಲೆದಾಟ, ವೈದ್ಯರ ಪರಸ್ಪರ ವಿರುದ್ಧ ಅಭಿಪ್ರಾಯಗಳು, ಹಣದ ಚಿಂತೆ, ದಣಿದ ದಂಪತಿಗಳ ಜಗಳ ಇವೆಲ್ಲ ಅಲಂಕಾರವಿಲ್ಲದೆ ಬರುತ್ತವೆ. ಕಥೆಗಾದರೆ ಒಂದು ಏರುಗತಿ, ಒಂದು ಪರಿಹಾರ ಬೇಕು. ದಿನಚರಿಗೆ ಅವೆರಡರ ಹಂಗಿಲ್ಲ; ನಿನ್ನೆ ಕಲಿತದ್ದನ್ನು ಮಗು ಇಂದು ಮರೆತರೆ ಅದು ಮರೆತದ್ದನ್ನೇ ಬರೆಯುತ್ತದೆ. ಈ ವಿಷಯಕ್ಕೆ ಈ ಪ್ರಕಾರವೇ ತಕ್ಕದ್ದೆನ್ನಬೇಕು. ಮಕ್ಕಳನ್ನು ಬೆಳೆಸುವುದೆಂದರೆ ಬಹುಪಾಲು ಇಂಥ ಪುನರಾವೃತ್ತಿಯೇ. ಇಂಥ ಮಗನಿರುವ ಮನೆಯಲ್ಲಿ ಅದು ವರ್ಷಗಟ್ಟಲೆ ನಿಲ್ಲುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಮೂರು ಸಂಪುಟಗಳ ಶೀರ್ಷಿಕೆಗಳನ್ನು ಸಾಲಾಗಿಟ್ಟು ನೋಡಿದರೆ ಕುಟುಂಬದ ಇತಿಹಾಸವೇ ಅಲ್ಲಿ ಸೂಚಿತವಾಗಿದೆ. 1972ರಲ್ಲಿ ನೋವಾ ಒಂದು ‘ಮಗು’. 1978ರಲ್ಲಿ ಅವನಿಗೊಂದು ‘ನೆಲೆ’ ಬೇಕಾಗಿದೆ. 1986ರಲ್ಲಿ ಅವನು ಒಬ್ಬ ‘ಕ್ಲೈಂಟ್’, ಅಂದರೆ ಸರ್ಕಾರಿ ಸೇವೆಯ ಕಡತದಲ್ಲಿ ನಮೂದಾದ ಫಲಾನುಭವಿ. ಮಗು ಮುದ್ದಾಗಿರುವವರೆಗೆ ಸಮಾಜ ಮರುಗುತ್ತದೆ. ಅದೇ ಮಗು ಮೀಸೆ ಮೂಡಿದ ಬಲಿಷ್ಠ ತರುಣನಾದಾಗ, ಅವನ ಕೈ ಹಿಡಿದು ನಿಲ್ಲಿಸುವ ಕಸುವು ತಾಯ್ತಂದೆಯರಲ್ಲಿ ಕುಂದುತ್ತಿರುವಾಗ, ಮರುಕ ಹಿಂದೆ ಸರಿಯುತ್ತದೆ. ಎರಡು, ಮೂರನೆಯ ಸಂಪುಟಗಳು ಮೊದಲನೆಯದರಷ್ಟು ಹೃದ್ಯವಾಗಿಲ್ಲ; ಅವುಗಳಲ್ಲಿ ಒಂದು ಬಗೆಯ ಕಹಿ ತುಂಬಿದೆ. ಆದರೂ ನೈತಿಕ ದೃಷ್ಟಿಯಿಂದ ಅವೇ ಹೆಚ್ಚು ಮುಖ್ಯ. ತಾವು ಸತ್ತ ಮೇಲೆ ಇವನ ಗತಿಯೇನೆಂಬ ಪ್ರಶ್ನೆ ಇಂಥ ಮಕ್ಕಳ ತಂದೆತಾಯಿಗಳನ್ನು ಎಲ್ಲೆಡೆ ಕಾಡುವಂಥದು. ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ ಮೊದಲಾದ ಸ್ಥಿತಿಗಳಿರುವವರಿಗೆ ಪೋಷಕರ ಮರಣಾನಂತರದ ಆರೈಕೆ, ಪಾಲಕತ್ವಗಳ ಏರ್ಪಾಡನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿದ್ದೂ ಈ ಭಯವನ್ನು ಮನಗಂಡೇ.

ತಂದೆ ತನ್ನ ಮನಸ್ಸಿನ ಕತ್ತಲನ್ನೂ ಮುಚ್ಚಿಡುವುದಿಲ್ಲ. ರೋಷ, ಜುಗುಪ್ಸೆ, ಮಗನಿಲ್ಲದಿದ್ದರೆ ತನ್ನ ಬಾಳು ಹೇಗಿರುತ್ತಿತ್ತೆಂಬ ಚಿಂತೆ ಇವೆಲ್ಲ ಬರವಣಿಗೆಯಲ್ಲಿ ಬರುತ್ತವೆ. ಜೈನ ಪರಿಭಾಷೆಯಲ್ಲಿ ಇದು ಭಾವಹಿಂಸೆಯ ದಾಖಲೆ. ಅದನ್ನು ಗುರುತಿಸಿ ಹೇಳುವುದು ಆಲೋಚನೆಯ ಒಂದು ಲಕ್ಷಣವೆಂದು ಶ್ರಾವಕರಿಗೆ ತೋರಬಹುದು: ದಿನದ ದೋಷಗಳನ್ನು ಎಣಿಸಿ ನಿವೇದಿಸುವ ಪ್ರತಿಕ್ರಮಣದೊಡನೆ ದಿನಚರಿಗೆ ಹೋಲಿಕೆಯೂ ಇದೆ. ಆದರೆ ಹೋಲಿಕೆ ಪೂರ್ಣವಲ್ಲ. ಆಲೋಚನೆಯಲ್ಲಿ ನಿವೇದನೆಗೊಳ್ಳುವುದು ತನ್ನ ದೋಷ ಮಾತ್ರ, ಅದೂ ಗುರುವಿನ ಸನ್ನಿಧಿಯಲ್ಲಿ. ಪ್ರಕಟಿತ ದಿನಚರಿಯಲ್ಲಿ ತಂದೆಯ ದೋಷದೊಡನೆ ಮಗನ ಮಲಮೂತ್ರ, ಮಗನ ನಗ್ನತೆ, ಮಗನ ಆಕ್ರಂದನಗಳೂ ಅಪರಿಚಿತ ಓದುಗರ ಕೈಸೇರುತ್ತವೆ. ಒಪ್ಪಿಗೆ ಕೊಡಲಾಗಲಿ ನಿರಾಕರಿಸಲಾಗಲಿ ಮಗನಿಗೆ ಅವಕಾಶವಿರಲಿಲ್ಲ.

ಇಲ್ಲಿ ಸತ್ಯವ್ರತಕ್ಕೂ ಅಹಿಂಸಾವ್ರತಕ್ಕೂ ನಡುವೆ ತಿಕ್ಕಾಟ ಕಾಣುತ್ತದೆ. ಉಳಿದ ವ್ರತಗಳೆಲ್ಲ ಅಹಿಂಸೆಯನ್ನು ವಿಶದಪಡಿಸಲು ಹೇಳಿದವೆಂದು ಅಮೃತಚಂದ್ರಸೂರಿಗಳ ಅಭಿಮತ. ಪರರನ್ನು ನೋಯಿಸುವ ಕಟುವಚನವನ್ನು ಅವರು ಅಸತ್ಯದ ಪಂಗಡಕ್ಕೇ ಸೇರಿಸುತ್ತಾರೆ. ಈ ಅಳತೆಯಿಂದ ನೋಡಿದರೆ ಗ್ರೀನ್‌ಫೆಲ್ಡನ ಪುಸ್ತಕಗಳಲ್ಲಿ ಬಿಡಬಹುದಾಗಿದ್ದ ಪುಟಗಳು ಇವೆ. ಮತ್ತೊಂದು ಪಕ್ಷವನ್ನೂ ತೂಗಬೇಕು. ಇಂಥ ಮನೆಗಳ ಕಷ್ಟವನ್ನು ಹೇಳಬಾರದೆಂಬ ನಿಯಮವೇ ಅವುಗಳನ್ನು ಬಹುಕಾಲ ಒಂಟಿಯಾಗಿಸಿತ್ತು. ಮಗನನ್ನು ಒಳಕೋಣೆಯಲ್ಲಿಟ್ಟು ಅತಿಥಿಗಳಿಗೆ ಬಾಗಿಲು ತೆರೆಯುವ ಮನೆಯ ಮೌನವೂ ಹಿಂಸೆಯೇ. ತಂದೆ ತನ್ನ ದಣಿವನ್ನು ಬರೆದದ್ದರಿಂದ ಎಷ್ಟೋ ತಂದೆತಾಯಿಗಳಿಗೆ ತಮ್ಮ ಮನಸ್ಸು ರಾಕ್ಷಸವಲ್ಲವೆಂಬ ಸಮಾಧಾನ ಸಿಕ್ಕಿರಬೇಕು. ಆದ್ದರಿಂದ ವಿಮರ್ಶೆಯ ಆಕ್ಷೇಪ ಕಷ್ಟವನ್ನು ಹೇಳಿದ್ದಕ್ಕಲ್ಲ. ಹೇಳುವ ಭರದಲ್ಲಿ ಮಗನ ಮಾನವನ್ನು ಕೆಲವೆಡೆ ಕಾಯದಿದ್ದುದಕ್ಕೆ.

ಚಿಕಿತ್ಸೆಯ ಪ್ರಶ್ನೆಯೂ ಹಿಂಸೆ-ಅಹಿಂಸೆಗಳ ವಿವೇಕವನ್ನು ಬೇಡುತ್ತದೆ. 1970ರ ದಶಕದ ಆರಂಭದಲ್ಲಿ ಕುಟುಂಬ ನ್ಯೂಯಾರ್ಕ್ ರಾಜ್ಯದಿಂದ ಲಾಸ್ ಏಂಜಲಿಸ್‌ಗೆ ವಲಸೆ ಹೋಯಿತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಐವಾರ್ ಲೋವಾಸ್ ರೂಪಿಸುತ್ತಿದ್ದ ವರ್ತನಾ ತರಬೇತಿ ಅವರನ್ನು ಸೆಳೆದಿತ್ತು. ಕೆಲಸವನ್ನು ಚಿಕ್ಕಚಿಕ್ಕ ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ತಿನಿಸಿನ ಬಹುಮಾನವಿತ್ತು ಕಲಿಸುವ ಕ್ರಮ ಅದು. 1960ರ ದಶಕದ ಪ್ರಯೋಗಗಳಲ್ಲಿ ಏಟು, ಗದರಿಕೆ, ಕೆಲವು ಮಕ್ಕಳಿಗೆ ವಿದ್ಯುತ್ ಆಘಾತಗಳೂ ಸೇರಿದ್ದವು. 1987ರಲ್ಲಿ ಲೋವಾಸ್ ತನ್ನ ತೀವ್ರ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಮಟ್ಟಕ್ಕೆ ಬಂದರೆಂದು ಪ್ರಕಟಿಸಿದಾಗ ದೊಡ್ಡ ಭರವಸೆಯೂ ದೊಡ್ಡ ವಿವಾದವೂ ಎದ್ದವು. ನೋವಾನಿಗಂತೂ ಮಾತು ಮರಳಿ ಬರಲಿಲ್ಲ.

ಶಸ್ತ್ರವೈದ್ಯನ ಕತ್ತಿ ನೋವು ಕೊಟ್ಟರೂ ಅವನು ಹಿಂಸಕನಲ್ಲ, ಏಕೆಂದರೆ ಪ್ರಮತ್ತಯೋಗವಿಲ್ಲ ಎಂಬುದು ಶಾಸ್ತ್ರದ ಪ್ರಸಿದ್ಧ ವಿವೇಚನೆ. ಏಟಿನ ಚಿಕಿತ್ಸೆಯನ್ನು ಈ ನೆರಳಿನಲ್ಲಿ ಸಮರ್ಥಿಸಬಹುದೆ? ಕತ್ತಿಯಿಂದ ರೋಗಿಯ ಗಂಟು ನೀಗುತ್ತದೆ. ಏಟಿನಿಂದ ನೀಗುವುದು ಬಹುಸಲ ಸುತ್ತಲಿನವರ ಮುಜುಗರ. ಕೈ ಅಲ್ಲಾಡಿಸುವ ಮಗನನ್ನು ಸುಮ್ಮನಾಗಿಸಿದರೆ ಯಾರಿಗೆ ಹಿತವೆಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಕೊಟ್ಟ ನೋವು ಸಂಕಲ್ಪೀ ಹಿಂಸೆಯ ಗಡಿಯನ್ನು ಮುಟ್ಟುತ್ತದೆ. ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳುವ ಮಗುವನ್ನು ತಡೆಹಿಡಿಯುವುದು ಬೇರೆ ಮಾತು. ಅಲ್ಲಿ ಮಗುವಿನ ರಕ್ಷಣೆಯೇ ಮುಖ್ಯ. ಸಹಾಯ ಮತ್ತು ಬಲಾತ್ಕಾರಗಳ ನಡುವಣ ಈ ಗೆರೆಯನ್ನು ಪ್ರತಿ ಮನೆಯೂ ದಿನದಿನ ಎಳೆದುಕೊಳ್ಳಬೇಕಾಗುತ್ತದೆ.

ತಾಯಿಯ ಕೃತಿ ಬೇರೊಂದು ನಯ. ಯಹೂದಿ ಗಂಡನನ್ನು ಮದುವೆಯಾದ ಜಪಾನೀ ಹೆಂಗಸು, ಅಂಗವಿಕಲ ಮಗನ ಆರೈಕೆಯಿಂದ ವರ್ಷಗಳ ಮೇಲೆ ಮೊದಲ ಬಾರಿ ಬಿಡುವು ಪಡೆದು ನ್ಯೂಯಾರ್ಕಿಗೆ ಬಂದಾಗ, ಗಂಡನ ಬಂಧುಗಳ ಹಬ್ಬದೂಟಕ್ಕೆ ಕಟ್ಟುಬೀಳಬೇಕಾಗುತ್ತದೆ. ಸುತ್ತ ದಾಸ್ಯವಿಮೋಚನೆಯ ಹಬ್ಬ ನಡೆಯುತ್ತಿದೆ. ಅವಳಿಗೆ ಮಾತ್ರ ಬಿಡುಗಡೆಯಿಲ್ಲ. ಈ ಕಥೆಯಲ್ಲಿ ಯಹೂದಿ ಬಂಧುಗಳ ಚಿತ್ರಣ ಪಕ್ಷಪಾತದಿಂದ ಕೂಡಿದೆಯೆಂಬ ಆಕ್ಷೇಪ ಅಮೆರಿಕದಲ್ಲಿ ಕೇಳಿಬಂತು, ಅದು ನಿರಾಧಾರವೆನ್ನಲಾಗದು. ಆದರೆ ತಂದೆಯ ದಿನಚರಿಯಲ್ಲಿ ಬಿಡುವಿಲ್ಲದೆ ದುಡಿಯುವ ಸಾಹಸಿ ಪತ್ನಿಯಾಗಿ ಕಾಣುವವಳ ಒಳದನಿ ಇಲ್ಲಿ ಮೊದಲ ಬಾರಿಗೆ ಕೇಳುತ್ತದೆ. ನಿಜಜೀವನದಲ್ಲಿ ಆಕೆ ಲಾಸ್ ಏಂಜಲಿಸ್‌ನಲ್ಲಿ ಇಂಥ ಮಕ್ಕಳಿಗಾಗಿ ಹಗಲು ಆರೈಕೆಯ ಕೇಂದ್ರವನ್ನೇ ಆರಂಭಿಸಿದವಳು. ಅಂಥವಳಲ್ಲೂ ಓಡಿಹೋಗುವ ಬಯಕೆ ಇತ್ತೆಂಬುದನ್ನು ಓದಿದಾಗ, ‘ತಾಯಿ ಎಲ್ಲವನ್ನೂ ಸಹಿಸುತ್ತಾಳೆ’ ಎಂಬ ಹೊಗಳಿಕೆಯ ಹಿಂದಿನ ನಿರ್ದಯೆ ಅರಿವಾಗುತ್ತದೆ. ಅವಳನ್ನು ಸಹನಾಮೂರ್ತಿಯೆಂದು ಕರೆದವರು ಒಂದು ಮಧ್ಯಾಹ್ನ ಅವಳ ಮಗನನ್ನು ನೋಡಿಕೊಂಡಿದ್ದರೆ ಅವಳಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಮೂರರಲ್ಲಿ ಅತ್ಯಂತ ಪರಿಣಾಮಕಾರಿಯಾದುದು ಅಣ್ಣನ ಕೃತಿ. ಇಂಥ ಮನೆಯಲ್ಲಿ ಇನ್ನೊಬ್ಬ ಮಗನಿಗೆ ಏನಾಗುತ್ತದೆಂಬುದನ್ನು ಬಹಳ ಮಂದಿ ಕೇಳುವುದಿಲ್ಲ. ಅವನು ಆರೋಗ್ಯವಂತ; ಆದ್ದರಿಂದ ಅವನಿಗೇನೂ ಬೇಡವೆಂದು ಎಲ್ಲರೂ ನಂಬುತ್ತಾರೆ. ಗೆಳೆಯರನ್ನು ಮನೆಗೆ ಕರೆಯಲು ಅಳುಕು, ತಮ್ಮನನ್ನು ಕಂಡು ನಾಚಿಕೆ, ನಾಚಿದ್ದಕ್ಕೆ ಪಶ್ಚಾತ್ತಾಪ, ತಂದೆತಾಯಿಗಳ ಲಕ್ಷ್ಯಕ್ಕಾಗಿ ಒಳಗೊಳಗೇ ಹಸಿವು ಇವು ಅವನ ದಿನದ ಬುತ್ತಿ. ತಂದೆ ತನ್ನ ಪುಸ್ತಕಗಳಲ್ಲಿ ಹಿರಿಯ ಮಗನ ಬಗ್ಗೆ ಕಳವಳಪಟ್ಟಿಲ್ಲವೆಂದಲ್ಲ. ಆದರೆ ಮೂರು ಪುಸ್ತಕಗಳ ಶೀರ್ಷಿಕೆಯಲ್ಲಿಯೂ ಇರುವ ಹೆಸರು ನೋವಾನದೇ. ‘ಒಂಟಿ ಹುಡುಗ’ ಎಂಬರ್ಥದ ಕಾರ್ಲನ ಶೀರ್ಷಿಕೆ ತಮ್ಮನಿಗೂ ಅಣ್ಣನಿಗೂ ಸಮನಾಗಿ ಒಪ್ಪುತ್ತದೆ.

ಈ ಕೃತಿಯ ಉತ್ತರಭಾಗದಲ್ಲಿ ಒಂದು ವಿಚಿತ್ರ ತಿರುವು ಇದೆ. ನೋವಾ ಕ್ರಮೇಣ ಮಾತು ಕಲಿಯುತ್ತಾನೆ, ಚೇತರಿಸಿಕೊಳ್ಳುತ್ತಾನೆ, ತನ್ನದೇ ಬದುಕು ಕಟ್ಟಿಕೊಳ್ಳುತ್ತಾನೆ. ಓದುಗ ಹಿಗ್ಗುತ್ತಿರುವಾಗಲೇ ಇದೆಲ್ಲ ಅಣ್ಣನ ಕಲ್ಪನೆ, ನೋವಾ ಮಾತನಾಡಲೇ ಇಲ್ಲ ಎಂದು ಲೇಖಕ ಬಯಲುಮಾಡುತ್ತಾನೆ. ಸ್ಮೃತಿಗ್ರಂಥದಲ್ಲಿ ಇಂಥ ಹುಸಿ ಸಲ್ಲದೆಂದು ಆಕ್ಷೇಪಿಸಬಹುದು. ಆದರೆ ಲೇಖಕ ಹುಸಿಯನ್ನು ತಾನೇ ಒಡೆಯುತ್ತಾನೆ. ಒಡೆದಾಗ ಓದುಗನಿಗೆ ತನ್ನ ಬಯಕೆಯ ದರ್ಶನವಾಗುತ್ತದೆ. ಮುಂದಣ ಫಲಕ್ಕೆ ಅಂಟಿಕೊಳ್ಳುವುದನ್ನು ಜೈನಶಾಸ್ತ್ರ ‘ನಿದಾನ’ವೆಂದು ಕರೆದು ಮೂರು ಶಲ್ಯಗಳಲ್ಲಿ ಒಂದಾಗಿ ಎಣಿಸುತ್ತದೆ. ಮಗ ಗುಣವಾದರೆ ಮಾತ್ರ ಸೇವೆ ಸಾರ್ಥಕವೆಂಬ ಎಣಿಕೆ ಈ ಮುಳ್ಳಿಗೆ ತೀರ ಹತ್ತಿರದ್ದು. ಅದು ಸೇವೆ ಮಾಡುವವನನ್ನೂ ಚುಚ್ಚುತ್ತದೆ, ಮಗುವನ್ನೂ ಚುಚ್ಚುತ್ತದೆ. ಇದ್ದಂತೆಯೇ ತಾನು ಸಾಲದವನೆಂಬ ಸಂದೇಶ ಅವನಿಗೆ ಪ್ರತಿದಿನ ಮುಟ್ಟುತ್ತಿರುತ್ತದೆ. ಅಣ್ಣನ ಕಲ್ಪನೆ ಕುಸಿದು ಬಿದ್ದ ಸ್ಥಳದಲ್ಲಿ ಉಳಿಯುವವನು ನಿಜವಾದ ನೋವಾ, ಮತ್ತು ಅವನನ್ನು ನೋಡಲು ಹೋಗುವ ಅಣ್ಣ.

ಇಷ್ಟಾದರೂ ನಾಲ್ಕನೆಯ ಸ್ಥಾನ ಬರಿದಾಗಿಯೇ ಇದೆ. ತಂದೆ, ತಾಯಿ, ಅಣ್ಣ ಮೂವರೂ ಮಾತಿನಲ್ಲಿ ಪಳಗಿದವರು. ಮಾತಿಲ್ಲದವನು ಅವರ ಮಾತುಗಳ ವಿಷಯ ಮಾತ್ರ. ಉಪಯೋಗವೇ, ಅಂದರೆ ಚೈತನ್ಯದ ಅರಿವೇ, ಜೀವದ ಲಕ್ಷಣವೆನ್ನುತ್ತದೆ ತತ್ತ್ವಾರ್ಥಸೂತ್ರ. ನಿಗೋದಜೀವದಲ್ಲೂ ಜ್ಞಾನದ ಒಂದಂಶ ಎಂದೂ ಮುಚ್ಚಿಹೋಗದೆ ತೆರೆದಿರುತ್ತದೆಂಬುದು ಆಗಮದ ನಿಲುವು. ಹೀಗಿರುವಾಗ ಮಾತನಾಡದ ಮನುಷ್ಯನಲ್ಲಿ ಅರಿವಿಲ್ಲವೆಂದು ಭಾವಿಸಲು ಜೈನನಿಗೆ ಆಧಾರವೇ ಇಲ್ಲ. ಗ್ರೀನ್‌ಫೆಲ್ಡನ ಮೂರನೆಯ ಸಂಪುಟ ಬಂದ 1986ರಲ್ಲೇ, ಆಟಿಸಂ ಇರುವ ಟೆಂಪಲ್ ಗ್ರ್ಯಾಂಡಿನ್ ತನ್ನ ಆತ್ಮಕಥನ ‘ಎಮರ್ಜೆನ್ಸ್’ ಅನ್ನು ಪ್ರಕಟಿಸಿದಳು. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ, ಮಾತು ಬಹುತೇಕ ಇಲ್ಲದ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗನ ಇಂಗ್ಲಿಷ್ ಬರಹಗಳು 2000ದಲ್ಲಿ ‘ಬಿಯಾಂಡ್ ದ ಸೈಲೆನ್ಸ್’ ಎಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಹೊರಬಂದವು. ತಾಯಿ ಸೋಮಾ ಅಕ್ಷರಫಲಕದ ನೆರವಿನಿಂದ ಅವನಿಗೆ ಕಲಿಸಿದ್ದರು. ಆ ಬೋಧನಾಕ್ರಮ ಎಲ್ಲರಿಗೂ ಫಲಿಸುವುದೆಂಬ ವಾದವನ್ನು ತಜ್ಞರು ಒಪ್ಪುವುದಿಲ್ಲ. ಟಿಟೊ ಬರೆದನೆಂದು ನೋವಾನೂ ಬರೆಯಬಲ್ಲವನಾಗಿದ್ದನೆಂದು ಊಹಿಸುವುದೂ ತರವಲ್ಲ. ಆದರೆ ಈ ಬರಹಗಳು ಬಂದ ಮೇಲೆ ಮೌನವನ್ನು ಶೂನ್ಯವೆಂದು ಓದುವುದು ಅಸಾಧ್ಯವಾಯಿತು.

ನಯವೊಂದು ತನ್ನ ಮಿತಿಯನ್ನರಿತು ನಿಂತರೆ ಸುನಯ, ಇತರ ನಯಗಳನ್ನು ಅಲ್ಲಗಳೆದರೆ ದುರ್ನಯ. ಗ್ರೀನ್‌ಫೆಲ್ಡ್ ಕುಟುಂಬದ ಕೃತಿಗಳನ್ನು ಬಿಡಿಯಾಗಿ ಓದಿದರೆ ಪ್ರತಿಯೊಂದೂ ದುರ್ನಯದ ಅಂಚಿಗೆ ಬರುತ್ತದೆ: ತಂದೆಯದು ದುಃಖವೇ ಸರ್ವಸ್ವವೆನ್ನುವಲ್ಲಿ, ತಾಯಿಯದು ಬಿಡುಗಡೆಯೇ ಸರ್ವಸ್ವವೆನ್ನುವಲ್ಲಿ, ಅಣ್ಣನದು ಕಳೆದುಹೋದ ಬಾಲ್ಯವೇ ಸರ್ವಸ್ವವೆನ್ನುವಲ್ಲಿ. ಒಟ್ಟಾಗಿ ಓದಿದಾಗ ಒಂದು ಇನ್ನೊಂದರ ಕೊರತೆಯನ್ನು ತೋರುತ್ತದೆ, ಮೂರೂ ಸೇರಿ ನೋವಾನ ಬರಿದಾದ ಸ್ಥಾನವನ್ನು ತೋರುತ್ತವೆ. ಆ ಸ್ಥಾನವನ್ನು ಮತ್ತಾರದೋ ಮಾತಿನಿಂದ ತುಂಬದೆ ಗೌರವದಿಂದ ಕಾಯ್ದಿರಿಸುವುದು ಓದುಗನ ಹೊಣೆ.

ಈ ಹೊಣೆ ಓದಿಗಷ್ಟೇ ಸೀಮಿತವಲ್ಲ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಸ್ಥಿತಿಗಳ ಪಟ್ಟಿಯಲ್ಲಿ ಆಟಿಸಂ ಅನ್ನು ಸೇರಿಸಿದೆ. ಹಕ್ಕು ಕಾಗದದ ಮೇಲೆ ಬಂದಿದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪರಂಪರೆಯುಳ್ಳ ಸಮಾಜಕ್ಕೆ ಕಾಯಿದೆಯಾಚೆಗೂ ಮಾಡಬಹುದಾದ ಕೆಲಸವಿದೆ. ಅವುಗಳಲ್ಲಿ ಅಭಯದಾನದ ಅರ್ಥವನ್ನು ಇಂಥ ಮನೆಗಳ ಮಟ್ಟಿಗೆ ವಿಸ್ತರಿಸಿಕೊಳ್ಳಬೇಕಾಗಿದೆ. ಅಭಿಷೇಕದ ಹೊತ್ತಿನಲ್ಲಿ ಕಿರುಚಿದ ಹುಡುಗನ ಕಡೆಗೆ ಬಸದಿಯಲ್ಲಿ ಯಾರೂ ತಿರುಗಿ ನೋಡದಿದ್ದರೆ ಅದು ಅವನ ತಾಯಿಗೆ ಅಭಯ. ಹಬ್ಬದ ದಿನ ನೆರೆಯವರು ಅವನನ್ನು ಕೆಲಹೊತ್ತು ನೋಡಿಕೊಂಡು, ತಂದೆ ಹಿರಿಯ ಮಗನೊಬ್ಬನನ್ನೇ ಜಾತ್ರೆಗೆ ಕರೆದೊಯ್ಯುವಂತಾದರೆ ಅದು ಆ ಅಣ್ಣನಿಗೆ ಅಭಯ. ತಮ್ಮ ಕಾಲಾನಂತರ ಮಗನ ಹೆಸರು ಹಿಡಿದು ಕರೆಯುವ ನಾಲ್ಕು ಜನ ಊರಿನಲ್ಲಿದ್ದಾರೆಂಬ ನಂಬಿಕೆ ತಂದೆತಾಯಿಗಳಿಗೆ ಹುಟ್ಟಿದರೆ, ಗ್ರೀನ್‌ಫೆಲ್ಡ್ ಮೂರು ಸಂಪುಟಗಳುದ್ದಕ್ಕೂ ಅರಸಿದ ‘ನೆಲೆ’ ಕನಿಷ್ಠ ಒಂದು ಮನೆಗಾದರೂ ದೊರೆತಂತಾಗುತ್ತದೆ.